ಬಲಗೈ, ಒಂದು ಕಾಲು, ಐದು ನಿಮಿಷ: ಹೊಸ ಕೂಸಿನ ಹೃದಯ ನೋಡುವ ಬಗೆ

ಪ್ರಶ್ನೆ: ಡಾಕ್ಟರೇ, ನನ್ನ ತವರು ಜಮಖಂಡಿ ಹತ್ತಿರದ ಹಳ್ಳಿ. ಗಂಡ ಪುಣೆಯಲ್ಲಿ ಕೆಲಸಕ್ಕಿದ್ದಾರೆ. ನನಗೀಗ ಏಳು ತಿಂಗಳು, ಬಾಣಂತನಕ್ಕೆ ಊರಿಗೆ ಬಂದಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಗಂಡು ಮಗು ಒಂಬತ್ತನೇ ದಿನ ತೀರಿಕೊಂಡಿತು. ಹುಟ್ಟಿದಾಗ ಎಲ್ಲ ಚೆನ್ನಾಗಿದೆ ಎಂದು ಮನೆಗೆ ಕಳಿಸಿದ್ದರು. ಆಮೇಲೆ ನೋಡಿದರೆ ಹುಟ್ಟಿನಿಂದಲೇ ಹೃದಯದಲ್ಲಿ ತೊಂದರೆ ಇತ್ತು ಅಂದರು. ಪುಣೆಯಲ್ಲಿ ಪಕ್ಕದ ಮನೆಯವರ ಮಗುವಿಗೆ ಡಿಸ್ಚಾರ್ಜ್‌ಗೆ ಮೊದಲು ಕೈಗೂ ಕಾಲಿಗೂ ಮಷೀನ್ ಹಾಕಿ ನೋಡಿದರಂತೆ. ಅದು ಏನು? ನಮ್ಮ ಕಡೆ ಮಾಡುತ್ತಾರಾ? ಕೊರೊನಾ ಸಮಯದಲ್ಲಿ ತಂದ ಬೆರಳಿನ ಮಷೀನ್ ಮನೆಯಲ್ಲಿದೆ, ಅದರಲ್ಲೇ ನೋಡಬಹುದಾ? ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ನಮ್ಮಜ್ಜಿ, ಈಗ ಅವರೇ ನನ್ನ ಅತ್ತೆ, ಗ್ರಹಣದ ದಿನ ಹೊರಗೆ ಹೋಗಿದ್ದಕ್ಕೇ ಅಕ್ಕನಿಗೆ ಹೀಗಾಯಿತು ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ಮೊದಲು ಆ ಬೆರಳಿನ ಮಷೀನ್ ವಿಷಯ ಮುಗಿಸೋಣ. ಅದನ್ನು ಕೂಸಿಗೆ ಹಾಕಬೇಡಿ. ಅದು ದೊಡ್ಡವರ ಬೆರಳಿಗೆ ಮಾಡಿದ ಚಿಮಟ. ಹೊಸ ಕೂಸಿನ ಬೆರಳು ಎರಡು ಕಡ್ಡಿಪೆಟ್ಟಿಗೆ ಕಡ್ಡಿ ಜೋಡಿಸಿದಷ್ಟು ದಪ್ಪ. ಚಿಮಟದೊಳಗೆ ಬೆಳಕು ಪಕ್ಕದಿಂದ ಸೋರುತ್ತದೆ, ಕೂಸು ಕೈ ಜಾಡಿಸುತ್ತದೆ, ಸುಮ್ನೆ ಯಾವುದೋ ಒಂದು ಸಂಖ್ಯೆ ಬರುತ್ತದೆ. 84 ಬಂದರೆ ಮನೆಮಂದಿಯೆಲ್ಲ ಅಳುತ್ತೀರಿ. 98 ಬಂದರೆ ಧೈರ್ಯವಾಗಿ ಕೂತುಬಿಡುತ್ತೀರಿ. ಎರಡನ್ನೂ ನಂಬುವ ಹಾಗಿಲ್ಲ. ಅದು ಅಜ್ಜಿಗೆ ದಮ್ಮು ಬಂದಾಗ ಉಪಯೋಗಕ್ಕೆ ಬರಲಿ.

ಆದರೆ ಪುಣೆಯಲ್ಲಿ ಪಕ್ಕದ ಮನೆಯ ಮಗುವಿಗೆ ಹಾಕಿದ್ದು ಅದೇ ಜಾತಿಯ ಮಷೀನೇ. ಹೆಸರು ಪಲ್ಸ್ ಆಕ್ಸಿಮೀಟರ್. ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟು ತುಂಬಿದೆ ಎಂದು ಚರ್ಮದ ಮೇಲಿಂದಲೇ ಬೆಳಕು ಹಾಯಿಸಿ ಹೇಳುತ್ತದೆ. ಜಪಾನಿನ ಟಕುವೋ ಅವೊಯಾಗಿ ಎಂಬ ಇಂಜಿನಿಯರ್ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯ ಇದು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ, ನೋವಿಲ್ಲ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಅಂದರೆ ನಮ್ಮ ಹಳ್ಳಿಯ ಕಿರಾಣಿ ಅಂಗಡಿಯವರೂ ಆ ಮಷೀನ್ ಹುಡುಕುತ್ತಿದ್ದ ವರ್ಷವೇ. ಕೂಸಿಗೆ ಹಾಕುವುದರಲ್ಲಿ ಚಿಮಟ ಇರುವುದಿಲ್ಲ. ಮೆತ್ತನೆಯ ಪಟ್ಟಿ ಇರುತ್ತದೆ, ಅಂಗೈಗೋ ಪಾದಕ್ಕೋ ಸುತ್ತುತ್ತಾರೆ.

ಈಗ ಮುಖ್ಯ ವಿಷಯ. ಹುಟ್ಟಿದ ದಿನ ಚೆನ್ನಾಗಿದ್ದ ಮಗು ಒಂಬತ್ತನೇ ದಿನ ಹೇಗೆ ಹೋಯಿತು? ಇದು ಅರ್ಥವಾದರೆ ಮಷೀನನ್ನು ಯಾಕೆ ಹಾಕುತ್ತಾರೆ, ಯಾವಾಗ ಹಾಕುತ್ತಾರೆ ಎಲ್ಲ ತಾನಾಗಿ ತಿಳಿಯುತ್ತದೆ.

ನೀವು ಜಮಖಂಡಿ ಕಡೆಯವರು, ಕಾಲುವೆ ನೀರು ನಿಮಗೆ ಹೊಸದಲ್ಲ. ಹೃದಯದಿಂದ ಎರಡು ದೊಡ್ಡ ಕಾಲುವೆ ಹೊರಡುತ್ತವೆ ಅಂದುಕೊಳ್ಳಿ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಇಡೀ ಮೈಗೆ. ಹೊಟ್ಟೆಯಲ್ಲಿರುವಾಗ ಕೂಸು ಉಸಿರಾಡುವುದಿಲ್ಲ, ಬೇಕಾದ ಆಮ್ಲಜನಕ ತಾಯಿಯಿಂದ ಬರುತ್ತದೆ. ಶ್ವಾಸಕೋಶಕ್ಕೆ ಅಷ್ಟು ರಕ್ತ ಬೇಕಿಲ್ಲ. ಹಾಗಾಗಿ ಎರಡೂ ಕಾಲುವೆಗಳ ನಡುವೆ ಒಂದು ತೂಬು ಇರುತ್ತದೆ. ನಾವು ಅದನ್ನು ಡಕ್ಟಸ್ ಅನ್ನುತ್ತೇವೆ. ಕೂಸು ಹೊರಗೆ ಬಂದು ಉಸಿರಾಡಲು ಶುರು ಮಾಡಿದ ಮೇಲೆ ಈ ತೂಬಿನ ಕೆಲಸ ಮುಗಿಯಿತು. ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಕೆಲವು ಕೂಸುಗಳಲ್ಲಿ ಒಂದು ಕಾಲುವೆಯ ಬಾಯಿಯೇ ಕಟ್ಟಿರುತ್ತದೆ. ಶ್ವಾಸಕೋಶದ ಕಡೆಯದೋ, ಮೈ ಕಡೆಯದೋ. ಅಂಥ ಕೂಸು ಬದುಕಿರುವುದೇ ತೂಬಿನಿಂದ ಹರಿಯುವ ನೀರಿನ ಮೇಲೆ. ತೂಬು ತೆರೆದಿರುವಷ್ಟು ಹೊತ್ತು ಅಳುತ್ತದೆ, ಮೊಲೆ ಕಚ್ಚುತ್ತದೆ, ಉಚ್ಚೆ ಹೊಯ್ಯುತ್ತದೆ. ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟರೂ ಎಷ್ಟೋ ಸಲ ಏನೂ ಕೇಳಿಸುವುದಿಲ್ಲ. ಮನೆಗೆ ಕಳಿಸುತ್ತಾರೆ. ಮೂರನೇ ದಿನವೋ, ಐದನೇ ದಿನವೋ, ಕೆಲವರಿಗೆ ಇನ್ನೂ ತಡವಾಗಿಯೋ ತೂಬು ಬಿಗಿಯುತ್ತದೆ. ಆಮೇಲೆ ತಾಸುಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ. ನಿಮ್ಮ ಅಕ್ಕನ ಮಗುವಿಗೂ ಹೀಗೇ ಆಗಿರಬಹುದು. ಕಾಗದ ನೋಡದೆ ಖಚಿತವಾಗಿ ಹೇಳಲಾರೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ತುಂಬ ವರ್ಷದ ಹಿಂದಿನ ಮಾತು. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಪದ್ಧತಿ ಇರಲಿಲ್ಲ. ಒಂದು ಹೆಣ್ಣು ಕೂಸನ್ನು ಮೂವತ್ತು ತಾಸಿಗೆ ನಾನೇ ನೋಡಿ ಮನೆಗೆ ಕಳಿಸಿದೆ. ಬಣ್ಣ ಚೆನ್ನಾಗಿತ್ತು, ಎದೆಯಲ್ಲಿ ಶಬ್ದ ಇರಲಿಲ್ಲ. ಐದನೇ ದಿನ ಬೆಳಿಗ್ಗೆ ಟಂಟಂನಲ್ಲಿ ಕರೆತಂದರು. ಮೂರು ಸುತ್ತು ಸೀರೆ ಬಟ್ಟೆ, ತಲೆಗೆ ಕುಲಾವಿ. ಬಿಚ್ಚಿ ನೋಡಿದರೆ ಮೈ ಬೂದಿ ಬಣ್ಣ, ಪಾದ ತಣ್ಣಗೆ. ಮಷೀನ್ ಹಾಕಿದರೆ 62. ಅಜ್ಜಿಯನ್ನು ಕೇಳಿದೆ, ಯಾವಾಗಿನಿಂದ ಹೀಗೆ? ಅಜ್ಜಿ ಅಂದರು: ಇಲ್ಲ ಸಾಹೇಬರೇ, ನಮ್ಮ ಕೂಸು ಬಹಳ ಶಾಣ್ಯಾ, ಅಳೋದೇ ಇಲ್ಲ, ಎರಡು ಗುಟುಕು ಕುಡಿದು ಮಲಗಿಬಿಡುತ್ತದೆ. ಅದು ಜಾಣತನವಲ್ಲ, ದಣಿವು. ಕುಡಿಯಲು ಶಕ್ತಿ ಸಾಲದೆ ಕೂಸು ನಿದ್ದೆ ಹೋಗುತ್ತಿತ್ತು. ಆ ಮಗು ಉಳಿಯಲಿಲ್ಲ. ಮೂವತ್ತನೇ ತಾಸಿನಲ್ಲಿ ಐದು ನಿಮಿಷ ಪಾದಕ್ಕೆ ಪಟ್ಟಿ ಸುತ್ತಿದ್ದರೆ ಬಹುಶಃ ಗೊತ್ತಾಗುತ್ತಿತ್ತು. ಆ ಮಷೀನ್ ಅದೇ ಕಟ್ಟಡದ ಆಪರೇಷನ್ ಥಿಯೇಟರಿನಲ್ಲಿ ಇತ್ತು. ತರಿಸಬೇಕು ಅಂತ ನನಗೆ ಹೊಳೆಯಲಿಲ್ಲ, ಅಷ್ಟೇ.

ಕಣ್ಣಿಗೆ ಕಾಣದ್ದು ಮಷೀನಿಗೆ ಕಾಣುವುದು ಯಾಕೆ ಅಂದರೆ, ಆಮ್ಲಜನಕ ಸುಮಾರು 80ರ ಆಸುಪಾಸಿಗೆ ಇಳಿಯುವ ತನಕ ಮೈ ನೀಲಿಯಾಗಿದ್ದು ನಮ್ಮ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ನಮ್ಮ ಕಡೆ ಕೂಸುಗಳ ಬಣ್ಣ ಸ್ವಲ್ಪ ಗಾಢ, ಬಾಣಂತಿ ಕೋಣೆಯಲ್ಲಿ ಬೆಳಕು ಕಡಿಮೆ, ಶೇಗಡಿ ಹೊಗೆ ಬೇರೆ. 88, 90 ಇರುವ ಕೂಸು ನೋಡಲು ಗುಂಡುಗುಂಡಾಗಿ ಚೆನ್ನಾಗಿಯೇ ಕಾಣುತ್ತದೆ. ಮಷೀನ್ ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ.

ಇನ್ನು ಕೈ ಮತ್ತು ಕಾಲು ಎರಡೂ ಯಾಕೆ? ಅದೂ ಬಲಗೈಯೇ ಯಾಕೆ? ಮತ್ತೆ ಕಾಲುವೆಗೇ ಬನ್ನಿ. ಬಲಗೈಗೆ ಹೋಗುವ ರಕ್ತನಾಳ ತೂಬಿಗಿಂತ ಮೇಲೇ ಕವಲೊಡೆಯುತ್ತದೆ. ಕಾಲಿಗೆ ಹೋಗುವುದು ತೂಬಿನ ಕೆಳಗಿನದು. ತೂಬಿನ ಮೂಲಕ ಆಮ್ಲಜನಕ ಕಡಿಮೆಯಿರುವ ರಕ್ತ ಮೈ ಕಾಲುವೆಗೆ ಸೇರುತ್ತಿದ್ದರೆ ಬಲಗೈ 98 ತೋರಿಸಿ ಕಾಲು 91 ತೋರಿಸಬಹುದು. ಬರೀ ಕೈ ನೋಡಿದರೆ ಇದು ತಪ್ಪಿಹೋಗುತ್ತದೆ. ಎಡಗೈ ನಾಳ ತೂಬಿಗೆ ತೀರಾ ಹತ್ತಿರ, ಅದನ್ನು ನಂಬುವುದಿಲ್ಲ. ಕಾಲು ಮಾತ್ರ ಎಡ-ಬಲ ಯಾವುದಾದರೂ ನಡೆಯುತ್ತದೆ.

ಪರೀಕ್ಷೆ ಮಾಡುವುದು ಹೇಗೆ ಅಂತ ನೀವು ಕಣ್ಣಾರೆ ನೋಡಬೇಕು, ಪಕ್ಕದಲ್ಲೇ ಕೂತಿರಿ. ಕೂಸು ಹುಟ್ಟಿ ಇಪ್ಪತ್ನಾಲ್ಕು ತಾಸು ಆಗಿರಬೇಕು. ಹೊಟ್ಟೆ ತುಂಬಿ ಸುಮ್ಮನಿದ್ದರೆ ಒಳ್ಳೆಯದು. ಸಿಸ್ಟರ್ ಪಾದ ಮುಟ್ಟಿ ಬೆಚ್ಚಗಿದೆಯಾ ನೋಡುತ್ತಾರೆ. ತಣ್ಣಗಿದ್ದರೆ ಉಜ್ಜಿ, ಕಾಲ್ಚೀಲ ಹಾಕಿ, ಸ್ವಲ್ಪ ಹೊತ್ತು ಕಾಯುತ್ತಾರೆ, ಯಾಕಂದರೆ ತಣ್ಣನೆ ಪಾದದಲ್ಲಿ ಮಷೀನಿಗೆ ನಾಡಿ ಸಿಗುವುದಿಲ್ಲ. ಎಣ್ಣೆ ಹಚ್ಚಿದ್ದರೆ ಒರೆಸುತ್ತಾರೆ. ಪಟ್ಟಿಯಲ್ಲಿ ಒಂದು ಕಡೆ ಕೆಂಪು ದೀಪ, ಇನ್ನೊಂದು ಕಡೆ ಅದನ್ನು ಹಿಡಿಯುವ ಕಣ್ಣು. ಎರಡೂ ಎದುರು-ಬದುರು ಬರುವ ಹಾಗೆ ಪಾದದ ಹೊರಬದಿಗೆ ಸುತ್ತುತ್ತಾರೆ. ಕಿಟಕಿ ಬಿಸಿಲು ಬೀಳುತ್ತಿದ್ದರೆ ಮೇಲೊಂದು ಬಟ್ಟೆ. ಮೊದಲು ಸಂಖ್ಯೆ ಕುಣಿಯುತ್ತದೆ: 87, 93, 90. ಗಾಬರಿಯಾಗಬೇಡಿ, ಕೂಸು ಒದೆಯುತ್ತಿದೆ ಅಷ್ಟೇ. ಪರದೆಯಲ್ಲಿ ಅಲೆ ಒಂದೇ ಸಮ ಬರಲು ಶುರುವಾದ ಮೇಲೆ ನಿಂತ ಸಂಖ್ಯೆಯೇ ಲೆಕ್ಕ. ಅದನ್ನು ಬರೆದುಕೊಂಡು ಬಲಗೈಗೆ ಬದಲಾಯಿಸುತ್ತಾರೆ. ಎಲ್ಲ ಸೇರಿ ಐದು ನಿಮಿಷ.

ಕೈ-ಕಾಲು ಎರಡರಲ್ಲೂ 95 ಅಥವಾ ಅದಕ್ಕಿಂತ ಮೇಲಿದ್ದು, ಎರಡರ ನಡುವೆ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಪಾಸ್. ಎಲ್ಲಾದರೂ 90ಕ್ಕಿಂತ ಕಡಿಮೆ ಬಂದರೆ ಕಾಯುವ ಮಾತಿಲ್ಲ, ಡಾಕ್ಟರು ತಕ್ಷಣ ನೋಡಬೇಕು. ನಡುವೆ ಬಂದರೆ, ಅಂದರೆ 90ರಿಂದ 94, ಅಥವಾ ಕೈ-ಕಾಲಿನ ವ್ಯತ್ಯಾಸ ಜಾಸ್ತಿ ಇದ್ದರೆ, ಒಂದು ತಾಸು ಬಿಟ್ಟು ಮತ್ತೆ ನೋಡುತ್ತಾರೆ. ಕೆಲವು ಕಡೆ ಒಂದೇ ಸಲ, ಕೆಲವು ಕಡೆ ಎರಡು ಸಲ ಮರುಪರೀಕ್ಷೆ. ಆಮೇಲೂ ಸರಿಬರದಿದ್ದರೆ ಮುಂದಿನ ತಪಾಸಣೆ.

ಇಪ್ಪತ್ನಾಲ್ಕು ತಾಸು ಯಾಕೆ ಕಾಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಹುಟ್ಟಿದ ಕೂಡಲೇ ಯಾವ ಕೂಸಿಗೂ 95 ಇರುವುದಿಲ್ಲ. ಮೊದಲ ಐದು ನಿಮಿಷದಲ್ಲಿ 80 ಇದ್ದರೂ ಅದು ಸಹಜ. ನಿಧಾನವಾಗಿ ಏರುತ್ತದೆ. ಅವಸರ ಮಾಡಿದರೆ ಸುಳ್ಳು ಗಾಬರಿ ಜಾಸ್ತಿ. ಹಾಗಂತ ಮನೆಗೆ ಹೋದ ಮೇಲೆ ಮಾಡುವ ಪರೀಕ್ಷೆಯೂ ಇದಲ್ಲ. ನಮ್ಮ ಕಡೆ ದೊಡ್ಡ ತೊಡಕು ಇಲ್ಲೇ ಇರುವುದು. ಹೆರಿಗೆ ಸಲೀಸಾಗಿ ಆಯಿತು ಅಂದರೆ ಹನ್ನೆರಡು ತಾಸಿಗೇ ಗಾಡಿ ತರಿಸಿ ಹೊರಟುಬಿಡುತ್ತಾರೆ. ಮನೆಯಲ್ಲಿ ಎಮ್ಮೆ ಕಾಯುತ್ತಿದೆ, ಕಬ್ಬಿನ ಗ್ಯಾಂಗ್ ಬಂದಿದೆ, ಬಾಣಂತಿಗೆ ಎರೆಯಬೇಕು. ಸರ್ಕಾರದ ನಿಯಮವೇ ಸಾಮಾನ್ಯ ಹೆರಿಗೆಗೆ 48 ತಾಸು ಆಸ್ಪತ್ರೆಯಲ್ಲಿರಿ ಅನ್ನುತ್ತದೆ. ಊಟ, ಔಷಧಿ, ವಾಪಸ್ ಬಿಡುವ ನಗು-ಮಗು ಗಾಡಿ ಎಲ್ಲ ಪುಕ್ಕಟೆ. ಆ ಎರಡು ದಿನ ಇರಿ. ಏನೇ ಆದರೂ ಬೇಗ ಹೋಗಲೇಬೇಕು ಅಂದರೆ ಪರೀಕ್ಷೆ ಬಿಡಬೇಡಿ, ಹೊರಡುವ ಮೊದಲು ಆದಷ್ಟು ತಡವಾಗಿ ಮಾಡಿಸಿಕೊಳ್ಳಿ.

ನಮ್ಮ ಕಡೆ ಮಾಡುತ್ತಾರಾ ಅಂತ ಕೇಳಿದ್ದೀರಿ. ಅಮೆರಿಕದಲ್ಲಿ 2011ರಲ್ಲಿ ಎಲ್ಲ ಕೂಸುಗಳಿಗೂ ಮಾಡಬೇಕಾದ ಪರೀಕ್ಷೆಗಳ ಪಟ್ಟಿಗೆ ಇದನ್ನು ಸೇರಿಸಿದರು. ಅಲ್ಲಿ ಪರೀಕ್ಷೆಯನ್ನು ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ಇಂಥ ತೀವ್ರ ಹೃದಯ ದೋಷದಿಂದಾಗುವ ಕೂಸುಗಳ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತು ಎಂದು 2017ರಲ್ಲಿ ಬಂದ ಅಧ್ಯಯನ ಹೇಳಿತು. ನಮ್ಮಲ್ಲಿ ಎಲ್ಲ ಕಡೆ ಹಾಗೆ ನಡೆಯುತ್ತಿಲ್ಲ. ಕೆಲವು ಆಸ್ಪತ್ರೆಯಲ್ಲಿ ಕೇಳದೆಯೇ ಮಾಡುತ್ತಾರೆ. ಕೆಲವು ಕಡೆ ಕೇಳಿದರೆ ಮಾಡುತ್ತಾರೆ. ಕೇಳಲು ನಾಚಿಕೆ ಬೇಡ. ಮಷೀನ್ ಇಲ್ಲ ಅಂತ ಹೇಳಿದರೆ, ಹುಟ್ಟಿದ ಕೂಸುಗಳನ್ನು ನೋಡುವ ಘಟಕದಲ್ಲಿ ಅಥವಾ ಆಪರೇಷನ್ ಥಿಯೇಟರಿನಲ್ಲಿ ಇದ್ದೇ ಇರುತ್ತದೆ, ಅಲ್ಲಿ ವಿಚಾರಿಸಿ. ಡಿಸ್ಚಾರ್ಜ್ ಚೀಟಿ ಬರೆಯುವ ಹೊತ್ತಿಗೆ ಕೇಳಬೇಡಿ, ಆಗ ಎಲ್ಲರಿಗೂ ಗಡಿಬಿಡಿ. ಹಿಂದಿನ ದಿನ ಸಂಜೆಯೇ ಹೇಳಿಡಿ: ‘ಸಿಸ್ಟರ್, ನಮ್ಮ ಅಕ್ಕನ ಮಗು ಹೃದಯದ ತೊಂದರೆಯಿಂದ ಹೋಯಿತು. ನಾಳೆ ಬಲಗೈಗೂ ಕಾಲಿಗೂ ಸ್ಯಾಚುರೇಷನ್ ನೋಡಿ, ಕೇಸ್ ಪೇಪರಿನಲ್ಲಿ ಬರೆಯಿರಿ.’ ಸ್ಯಾಚುರೇಷನ್ ಅಂದರೆ ಮಷೀನ್ ತೋರಿಸುವ ಆಮ್ಲಜನಕದ ಸಂಖ್ಯೆ. ಬರೆಯಿರಿ ಅನ್ನುವುದು ಮುಖ್ಯ. ಬಾಯಿಮಾತಿನ ನಾರ್ಮಲ್‌ಗೆ ಬೆಲೆ ಇಲ್ಲ.

ಎಷ್ಟು ಮಕ್ಕಳಿಗೆ ಈ ತೊಂದರೆ ಇರುತ್ತದೆ ಎಂಬ ಅಂದಾಜೂ ಇರಲಿ. ಸಾವಿರ ಕೂಸು ಹುಟ್ಟಿದರೆ ಎಂಟು-ಒಂಬತ್ತಕ್ಕೆ ಹೃದಯದಲ್ಲಿ ಏನಾದರೂ ದೋಷ ಇರುತ್ತದೆ. ಅದರಲ್ಲಿ ಕಾಲುಭಾಗ ಮಾತ್ರ ಮೊದಲ ವರ್ಷದೊಳಗೆ ಚಿಕಿತ್ಸೆ ಬೇಕೇಬೇಕು ಅನ್ನುವ ಗಂಭೀರ ದೋಷ. ತಿಂಗಳಿಗೆ ನೂರು ಹೆರಿಗೆ ಆಗುವ ಒಂದು ಆಸ್ಪತ್ರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1200 ಕೂಸು. ಅಂದರೆ ಎರಡೋ ಮೂರೋ ಅಂಥವು. ಅಪರೂಪ ಅನ್ನಿಸಬಹುದು. ಆದರೆ ಆ ಎರಡು-ಮೂರು ಯಾವುವು ಎಂದು ಮುಖ ನೋಡಿ ಹೇಳಲು ಬರುವುದಿಲ್ಲ ಅಲ್ವಾ?

ಪಾಸ್ ಆಯಿತು ಅಂದರೆ ಹೃದಯ ನೂರಕ್ಕೆ ನೂರು ಸರಿ ಅಂತ ತಿಳಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗಂಭೀರ ದೋಷಗಳಲ್ಲಿ ನಾಲ್ಕರಲ್ಲಿ ಮೂರನ್ನು ಈ ಪರೀಕ್ಷೆ ಹಿಡಿಯುತ್ತದೆ, ಒಂದು ತಪ್ಪಿಸಿಕೊಳ್ಳುತ್ತದೆ. ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಮೈಗೆ ಹೋಗುವ ದೊಡ್ಡ ನಾಳ ಒಂದು ಕಡೆ ಹಿಚುಕಿದಂತೆ ಕಿರಿದಾಗಿರುವ ದೋಷ. ಅದರಲ್ಲಿ ರಕ್ತದ ಆಮ್ಲಜನಕ ಸರಿಯಾಗಿಯೇ ಇರಬಹುದು, ಕಾಲಿಗೆ ರಕ್ತ ಕಡಿಮೆ ಬರುತ್ತದೆ. ಅದಕ್ಕೇ ಡಾಕ್ಟರು ಕೂಸಿನ ತೊಡೆಸಂದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಬೇಕು. ಹುಡುಕದಿದ್ದರೆ ನೀವೇ ನೆನಪು ಮಾಡಿ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನು ಜನ ಹೃದಯದಲ್ಲಿ ರಂಧ್ರ ಅನ್ನುತ್ತಾರಲ್ಲ, ಅದೂ ಇದರಲ್ಲಿ ಗೊತ್ತಾಗುವುದಿಲ್ಲ, ಅಲ್ಲಿ ಕೂಸು ನೀಲಿಯಾಗುವುದಿಲ್ಲ. ಸಣ್ಣ ರಂಧ್ರಗಳು ಬಹಳಷ್ಟು ತಾವೇ ಮುಚ್ಚುತ್ತವೆ. ದೊಡ್ಡದಿದ್ದರೆ ತಿಂಗಳು-ಎರಡು ತಿಂಗಳಿಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ.

ಫೇಲ್ ಆಯಿತು ಅಂದರೂ ಹೃದಯವೇ ಕೆಟ್ಟಿದೆ ಅಂತಲ್ಲ. ಶ್ವಾಸಕೋಶದಲ್ಲಿ ಸೋಂಕು, ನಂಜು, ಮೈ ತಣ್ಣಗಾಗಿರುವುದು, ಇವೂ ಸಂಖ್ಯೆ ಇಳಿಸುತ್ತವೆ. ಇವೂ ಹೊಸ ಕೂಸಿಗೆ ಸಣ್ಣ ಕಾಯಿಲೆ ಅಲ್ಲ. ಹಾಗಾಗಿ ಸುಳ್ಳು ಎಚ್ಚರಿಕೆ ಅಂತ ನಾವು ಕರೆಯುವ ಎಷ್ಟೋ ಕೂಸುಗಳಲ್ಲಿ ಬೇರೊಂದು ನಿಜವಾದ ಕಾಯಿಲೆ ಸಿಕ್ಕಿ ಗುಣವಾಗಿದೆ. ನನಗೆ ಈ ಪರೀಕ್ಷೆಯ ಮೇಲೆ ಪ್ರೀತಿ ಬರಲು ಇದೂ ಒಂದು ಕಾರಣ.

ಫೇಲ್ ಆದ ಕೂಸಿಗೆ ಮುಂದಿನದು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್. ಮಕ್ಕಳ ಹೃದಯ ನೋಡಿ ರೂಢಿ ಇರುವವರೇ ಮಾಡಬೇಕು. ದೊಡ್ಡವರ ಎಕೋ ಮಾಡುವವರು ಹೊಸ ಕೂಸಿನ ಅಡಿಕೆಗಾತ್ರದ ಹೃದಯದಲ್ಲಿ ಎಲ್ಲವನ್ನೂ ಹಿಡಿಯಲಾರರು. ನಿಮಗೆ ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಹತ್ತಿರ. ಆಪರೇಷನ್ ಬೇಕಾದರೆ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಜಯದೇವ ಇದೆ, ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ ಇದೆ. ವಿಜಯಪುರದಿಂದ ಬೆಳಗಾವಿಗೆ ಸುಮಾರು ಇನ್ನೂರು ಕಿಲೋಮೀಟರ್. ಈ ದಾರಿಯಲ್ಲೇ ಕೆಲವು ಕೂಸು ನಮ್ಮ ಕೈತಪ್ಪುತ್ತವೆ. ಅದಕ್ಕೇ ಹೊರಡುವ ಮೊದಲಿನ ಅರ್ಧ ತಾಸಿನ ತಯಾರಿ ಬಹಳ ದೊಡ್ಡದು.

ಆ ತಯಾರಿಯಲ್ಲಿ ಮುಖ್ಯವಾದದ್ದು ಒಂದು ಔಷಧಿ, ಪ್ರೊಸ್ಟಗ್ಲಾಂಡಿನ್. ಹನಿಹನಿಯಾಗಿ ರಕ್ತಕ್ಕೆ ಬಿಟ್ಟರೆ ಮುಚ್ಚುತ್ತಿರುವ ತೂಬು ಮತ್ತೆ ತೆರೆದುಕೊಳ್ಳುತ್ತದೆ. ಬೂದಿ ಬಣ್ಣದ ಕೂಸು ನೋಡುನೋಡುತ್ತಿದ್ದಂತೆ ಕೆಂಪಾಗುವುದನ್ನು ನಾನು ಕಂಡಿದ್ದೇನೆ. ಆದರೆ ಅದು ಕೂಸಿನ ಉಸಿರನ್ನು ಆಗಾಗ ನಿಲ್ಲಿಸಿಬಿಡುತ್ತದೆ. ಹಾಗಾಗಿ ಅದನ್ನು ಹಾಕಿಕೊಂಡು ಹೋಗುವ ಗಾಡಿಯಲ್ಲಿ ಉಸಿರು ಕೊಡಲು ಬರುವವರು ಇರಲೇಬೇಕು. ಖಾಸಗಿ ಕಾರಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೊರಡಬೇಡಿ. 108ಕ್ಕೆ ಹೇಳಿ, ಹೋಗುವ ಆಸ್ಪತ್ರೆಗೆ ಇಲ್ಲಿನ ಡಾಕ್ಟರಿಂದಲೇ ಫೋನ್ ಮಾಡಿಸಿ, ಹಾಸಿಗೆ ಇದೆ ಅಂತ ಖಾತ್ರಿ ಮಾಡಿಕೊಂಡು ಹೊರಡಿ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಂಡರೆ ಕೂಸು ಬೆಚ್ಚಗಿರುತ್ತದೆ, ಡಾಕ್ಟರು ಒಪ್ಪಿದರೆ ಹಾಗೆ ಮಾಡಿ.

ದುಡ್ಡಿನ ಚಿಂತೆ ಬರುತ್ತದೆ, ಗೊತ್ತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಇನ್ನೊಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ, ಹೃದಯ ದೋಷವೂ ಅದರಲ್ಲಿ ಸೇರಿದೆ. ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕಿನ ತಂಡವನ್ನೋ ಕೇಳಿ, ದಾರಿ ಹೇಳುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಬಿಲ್ ಕೌಂಟರೇ ಇಲ್ಲ. ಗಂಡ ಪುಣೆಯಲ್ಲಿದ್ದಾರೆ ಅಂದಿರಿ, ನಿಮ್ಮ ಹೆಸರು ಯಾವ ಊರಿನ ರೇಷನ್ ಕಾರ್ಡಿನಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ. ಆಸ್ಪತ್ರೆ ಬಾಗಿಲಲ್ಲಿ ಕೂಸನ್ನು ಹಿಡಿದುಕೊಂಡು ಆಧಾರ್ ಜೆರಾಕ್ಸ್ ಹುಡುಕುವವರನ್ನು ಬಹಳ ನೋಡಿದ್ದೇನೆ.

ಮನೆಗೆ ಹೋದ ಮೇಲೆ ಏನು ನೋಡಬೇಕು? ನಾನು ಎಲ್ಲ ತಾಯಂದಿರಿಗೂ ಹೇಳುವುದು ಒಂದೇ, ಹಾಲು ಕುಡಿಯುವುದನ್ನು ನೋಡಿ. ದುರ್ಬಲ ಹೃದಯದವರು ಗೋಳಗುಮ್ಮಟದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಲ್ಲ, ಕೂಸಿಗೆ ಹಾಲು ಚೀಪುವುದೇ ಆ ಮೆಟ್ಟಿಲು. ನಾಲ್ಕು ಗುಟುಕು ಕುಡಿದು ಬಿಡುವುದು, ಏದುಸಿರು ಬಿಡುವುದು, ಮತ್ತೆ ಕಚ್ಚುವುದು. ಕುಡಿಯುವಾಗ ಹಣೆಯಲ್ಲಿ ಬೆವರ ಹನಿ. ಒಂದು ಸಲ ಕುಡಿಯಲು ಮುಕ್ಕಾಲು ತಾಸು ಹಿಡಿಯುವುದು. ನಿದ್ದೆಯಲ್ಲಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಅರವತ್ತು ದಾಟಿದರೆ ಜೋರು. ಉಚ್ಚೆ ಕಡಿಮೆಯಾದರೆ, ಪಾದ ತಣ್ಣಗಿದ್ದು ಮೈ ಮಂಕಾದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಿ. ಬಣ್ಣ ನೋಡುವುದಾದರೆ ಕೈಕಾಲು ನೋಡಬೇಡಿ. ಹೊಸ ಕೂಸಿನ ಅಂಗೈ, ಅಂಗಾಲು ಮೊದಲ ದಿನಗಳಲ್ಲಿ ತುಸು ನೀಲಿ ಇರುವುದು ಸಹಜ. ನಾಲಿಗೆ ನೋಡಿ, ತುಟಿಯ ಒಳಬದಿ ನೋಡಿ, ಅದೂ ಕಿಟಕಿ ಬೆಳಕಿನಲ್ಲಿ. ದಿನಕ್ಕೊಂದು ಸಲ ಕುಲಾವಿ, ಬಟ್ಟೆ ಎಲ್ಲ ಬಿಚ್ಚಿ ಹಗಲ ಬೆಳಕಲ್ಲಿ ಕೂಸನ್ನು ನೋಡುವ ರೂಢಿ ಮಾಡಿಕೊಳ್ಳಿ. ಶೇಗಡಿ ಹೊಗೆ ಬೇಡ. ಅಜ್ಜಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯಾದವರ ಮನೆಗೆ 3, 7, 14, 21, 28, 42ನೇ ದಿನ ಬರಬೇಕು. ಮೂರು ಮತ್ತು ಏಳನೇ ದಿನದ ಭೇಟಿ ತಪ್ಪಿಸಬೇಡಿ. ಎಷ್ಟೋ ಮನೆಯಲ್ಲಿ ಬಾಣಂತಿ ಕೋಣೆಯೊಳಗೆ ಬಿಡುವುದಿಲ್ಲ, ಹೊರಗಿನಿಂದಲೇ ‘ಚೆನ್ನಾಗಿದೆ’ ಅಂತ ಕಳಿಸುತ್ತಾರೆ. ಒಳಗೆ ಕರೆದು ಕೂಸು ಹಾಲು ಕುಡಿಯುವುದನ್ನು ತೋರಿಸಿ. ಮತ್ತೆ, ಉಬ್ಬಸಕ್ಕೆ ಬರೆ ಹಾಕಿಸುವುದು, ದೃಷ್ಟಿ ತೆಗೆಸಿ ಎರಡು ದಿನ ಕಾಯುವುದು ಬೇಡ. ದೃಷ್ಟಿ ತೆಗೆದರೆ ತೆಗೆಯಲಿ, ಗಾಡಿ ಬರುವಷ್ಟರಲ್ಲಿ ತೆಗೆಯಲಿ.

ಗ್ರಹಣಕ್ಕೂ ಹೃದಯಕ್ಕೂ ಸಂಬಂಧವಿಲ್ಲ. ಕೂಸಿನ ಹೃದಯ ರೂಪ ಪಡೆಯುವುದು ಬಸಿರಾದ ಮೊದಲ ಎಂಟು ವಾರದಲ್ಲಿ. ಎಷ್ಟೋ ಜನರಿಗೆ ಆಗ ಬಸಿರು ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ತಾಯಿಗೆ ರುಬೆಲ್ಲಾ ಜ್ವರ ಬಂದರೆ, ಮೊದಲೇ ಸಕ್ಕರೆ ಕಾಯಿಲೆ ಇದ್ದು ಹತೋಟಿಯಲ್ಲಿ ಇಲ್ಲದಿದ್ದರೆ, ಮೂರ್ಛೆರೋಗದ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದೋಷದ ಸಂಭವ ಜಾಸ್ತಿ. ಬಹಳಷ್ಟು ಸಲ ಯಾವ ಕಾರಣವೂ ಸಿಗುವುದಿಲ್ಲ. ನಿಮ್ಮ ಅಕ್ಕ ಏನೂ ತಪ್ಪು ಮಾಡಿಲ್ಲ, ಇದನ್ನು ಅವರಿಗೆ ಓದಿ ಹೇಳಿ.

ಸೋದರಮಾವನ ಸಂಬಂಧದ ಮಾತು ಬೇರೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಹುಟ್ಟಿನ ದೋಷಗಳ ಸಂಭವ ಸ್ವಲ್ಪ ಏರುತ್ತದೆ, ಹೃದಯದ್ದೂ ಸೇರಿ. ಸ್ವಲ್ಪ ಅಂದೆ. ಹೀಗೆ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ, ನಮ್ಮ ಜಿಲ್ಲೆಗಳಲ್ಲಿ ಸುತ್ತ ನೋಡಿದರೆ ಗೊತ್ತಾಗುತ್ತದೆ. ಆದರೂ ಅಕ್ಕನ ಮಗುವಿನ ವಿಷಯವೂ ಸೇರಿದ್ದರಿಂದ ನಿಮಗೆ ಒಂದು ಫೀಟಲ್ ಎಕೋ ಮಾಡಿಸುವುದು ಒಳ್ಳೆಯದು ಅನ್ನುತ್ತೇನೆ. ಹೊಟ್ಟೆಯಲ್ಲಿರುವಾಗಲೇ ಕೂಸಿನ ಹೃದಯವನ್ನು ವಿವರವಾಗಿ ನೋಡುವ ಸ್ಕ್ಯಾನ್ ಅದು. ಸರಿಯಾದ ಸಮಯ 18ರಿಂದ 22 ವಾರ, ಆದರೆ ಏಳು ತಿಂಗಳಿನಲ್ಲೂ ನೋಡಬಹುದು. ನಿಮ್ಮ ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟಿನಲ್ಲಿ ಹೃದಯದ ನಾಲ್ಕು ಕೋಣೆ ಮತ್ತು ಹೊರಡುವ ನಾಳಗಳ ಬಗ್ಗೆ ಏನು ಬರೆದಿದ್ದಾರೆ ಅಂತ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ದೋಷ ಮೊದಲೇ ಗೊತ್ತಾದರೆ ಹೆರಿಗೆಯನ್ನೇ ಬೆಳಗಾವಿಯಂಥ ಕಡೆ ಇಟ್ಟುಕೊಳ್ಳಬಹುದು. ಆ ದೂರದ ದಾರಿಯನ್ನು ಕೂಸು ನಿಮ್ಮ ಹೊಟ್ಟೆಯಲ್ಲೇ ದಾಟುತ್ತದೆ, ಅದಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಬಂದರೂ ಹುಟ್ಟಿದ ಮೇಲಿನ ಕೈ-ಕಾಲು ಪರೀಕ್ಷೆ ಬಿಡಬೇಡಿ. ಹೊಟ್ಟೆಯಲ್ಲಿ ಕಾಣದ ದೋಷಗಳೂ ಇವೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಅಕ್ಕನ ಮಗುವಿನ ಕಾಗದ ಮನೆಯಲ್ಲಿದ್ದರೆ ಹುಡುಕಿ. ಬಹಳ ಮನೆಗಳಲ್ಲಿ ದುಃಖಕ್ಕೆ ಸುಟ್ಟುಹಾಕಿರುತ್ತಾರೆ, ಇಲ್ಲಾ ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಇರುತ್ತದೆ. ಎಕೋ ರಿಪೋರ್ಟ್ ಇದ್ದರೆ ಅದರಲ್ಲಿ ದೋಷದ ಹೆಸರು ಇರುತ್ತದೆ. ಆ ಹೆಸರು ನಿಮ್ಮ ಫೀಟಲ್ ಎಕೋ ಮಾಡುವವರಿಗೆ ಬೇಕು. ಕಾಗದ ಇಲ್ಲದಿದ್ದರೆ ಮಗುವನ್ನು ಸೇರಿಸಿದ್ದ ಆಸ್ಪತ್ರೆ ಮತ್ತು ತಾರೀಖು ಬರೆದುಕೊಂಡು ಹೋಗಿ ರೆಕಾರ್ಡ್ ವಿಭಾಗದಲ್ಲಿ ಪ್ರತಿ ಕೇಳಿ, ಎರಡೇ ವರ್ಷ ಆಗಿದೆ, ಸಿಗಬಹುದು. ಆ ಕಾಗದ ನಿಮಗಿಂತ ಅಕ್ಕನಿಗೆ ಜಾಸ್ತಿ ಬೇಕಾದದ್ದು. ಅವರು ಮತ್ತೆ ಬಸಿರಾದರೆ ಹದಿನೆಂಟನೇ ವಾರಕ್ಕೇ ಫೀಟಲ್ ಎಕೋಗೆ ಹೋಗಬೇಕು, ಈ ಕಾಗದ ಕೈಯಲ್ಲಿ ಹಿಡಿದುಕೊಂಡು.